ಆನ್‌ಲೈನ್ ಕಾಲೇಜಿನವ್ರು ಹೇಳೋ ‘ಫುಲ್ ಸಪೋರ್ಟ್’ ಅಂದ್ರೆ ನಿಜಕ್ಕೂ ಏನು?

ಪ್ರಶ್ನೆ: ನಮಸ್ತೆ ಮೇಡಂ. ನಾನು ಕುಮಟಾ ತಾಲೂಕಿನವಳು. ಪಿಯುಸಿ ಕಾಮರ್ಸ್ ಆಗಿದೆ, ಬಿಕಾಂ ಅರ್ಧಕ್ಕೆ ಬಿಟ್ಟೆ. ಈಗ ಒಂದು ಐಸ್ ಪ್ಲಾಂಟಲ್ಲಿ ಬಿಲ್ಲಿಂಗ್ ನೋಡ್ಕೊಳ್ತೇನೆ. ಆನ್‌ಲೈನಲ್ಲಿ ಬಿಕಾಂ ಮುಗಿಸ್ಬೇಕು, ಇಲ್ಲಾಂದ್ರೆ ಅಕೌಂಟಿಂಗ್ ಡಿಪ್ಲೊಮಾ ಆದ್ರೂ ಮಾಡ್ಬೇಕು ಅಂತಿದೆ. ಎರಡು ಕಡೆಯಿಂದ ದಿನಾ ಫೋನು, ಒಂದು ಯೂನಿವರ್ಸಿಟಿ, ಇನ್ನೊಂದು ಕರಿಯರ್ ಕಾಲೇಜ್ ಅಂತೆ. ಇಬ್ರೂ ‘ಫುಲ್ ಸಪೋರ್ಟ್ ಇದೆ’ ಅಂತಾರೆ. ಮನೇಲಿ ಲ್ಯಾಪ್‌ಟಾಪ್ ಇಲ್ಲ, ನೆಟ್‌ವರ್ಕ್ ಅಷ್ಟಕ್ಕಷ್ಟೆ. ಜುಲೈ ಬ್ಯಾಚಿಗೆ ಈ ಶನಿವಾರ ಕೊನೆ ದಿನ, ಫೀಸು ಇಎಂಐ ಮಾಡಿಕೊಡ್ತೇವೆ ಅಂತಿದಾರೆ. ಏನ್ ಮಾಡ್ಲಿ?

ಉತ್ತರ:

ಸಪೋರ್ಟ್ ಇದ್ಯಾ ಅಂತ ಕೇಳಿದ್ರೆ ಇಲ್ಲ ಅಂತ ಯಾವ ಕಾಲೇಜೂ ಹೇಳೋದಿಲ್ಲ. ಫೋನ್ ಮಾಡೋ ಹುಡುಗನಿಗೆ ಅಡ್ಮಿಶನ್ ಟಾರ್ಗೆಟ್ ಇರ್ತದೆ, ಆಪ್ ಇದೆ, ರೆಕಾರ್ಡಿಂಗ್ ಇದೆ, ರಾತ್ರಿ ಹಗಲು ಚಾಟ್ ಇದೆ ಅಂತ ಒಂದೇ ಉಸಿರಲ್ಲಿ ಹೇಳ್ತಾ ಹೋಗ್ತಾನೆ, ಅವೆಲ್ಲ ಇರೋದೂ ನಿಜಾನೇ. ಆದ್ರೆ ಅದೆಲ್ಲ ನೀವಾಗಿ ಹೋಗಿ ಕೇಳಿದ್ರೆ ಸಿಗೋವಂಥದ್ದು. ಆನ್‌ಲೈನಲ್ಲಿ ಓದು ಬಿಡೋರು ಕೇಳೋಕೆ ಹೋಗೋದೇ ಇಲ್ಲ, ಸುಮ್ನಾಗಿಬಿಡ್ತಾರೆ. ಒಂದು ವಾರ ಮನೇಲಿ ಯಾರಿಗೋ ಹುಷಾರಿಲ್ಲ ಅಂತ ತಪ್ತದೆ, ಮುಂದಿನ ವಾರ ಹಿಂದಿನದ್ದೂ ಸೇರಿ ರಾಶಿ ಬೀಳ್ತದೆ, ಮೂರನೇ ವಾರ ಆಪ್ ತೆರೆಯೋಕೇ ಮುಜುಗರ, ಅಷ್ಟೇ, ಅಲ್ಲಿಗೆ ಮುಗೀತು. ನಾನು ಇಂಥ ಕೋರ್ಸುಗಳ ವಿದ್ಯಾರ್ಥಿ ಸಹಾಯ ವಿಭಾಗದಲ್ಲೇ ವರ್ಷಗಟ್ಲೆ ಕೆಲ್ಸ ಮಾಡಿದವಳು, ಈಗ ಶಿರಸಿಲಿ ಕೂತು ಸಲಹೆ ಕೊಡ್ತೇನೆ, ಬಿಟ್ಟೋದವ್ರಲ್ಲಿ ಪಾಠ ಅರ್ಥ ಆಗ್ಲಿಲ್ಲ ಅಂತ ಬಿಟ್ಟವ್ರು ಕಡಿಮೆ, ಒಮ್ಮೆ ತಪ್ಪಿದ ಮೇಲೆ ವಾಪಸ್ ಬರೋಕೆ ಆಗದೇ ಬಿಟ್ಟವ್ರೇ ಜಾಸ್ತಿ.

ಅದಕ್ಕೇ ಆ ಇಬ್ರಿಗೂ ನೀವು ಕೇಳ್ಬೇಕಾದ್ದು ಇದು: ‘ನಾನು ಎರಡು ವಾರ ಕಾಣಿಸ್ಲೇ ಇಲ್ಲ ಅಂದ್ರೆ ನಿಮ್ಮಲ್ಲಿ ಯಾರಿಗೆ ಗೊತ್ತಾಗ್ತದೆ? ಗೊತ್ತಾದ ಮೇಲೆ ಅವ್ರು ಏನು ಮಾಡ್ತಾರೆ?’ ಆಟೊಮ್ಯಾಟಿಕ್ ಮೆಸೇಜ್ ಹೋಗ್ತದೆ ಅಂದ್ರೆ ಅದು ಉತ್ತರ ಅಲ್ಲ. ಇಂಥ ಮೆಂಟರ್ ಇರ್ತಾರೆ, ಅವ್ರ ಕೈಲಿ ಇಷ್ಟು ಜನ ವಿದ್ಯಾರ್ಥಿಗಳಿರ್ತಾರೆ, ಅವ್ರೇ ಫೋನ್ ಮಾಡ್ತಾರೆ, ತಪ್ಪಿದ ಅಸೈನ್‌ಮೆಂಟಿಗೆ ಹೀಗ್ಹೀಗೆ ದಾರಿ ಮಾಡಿಕೊಡ್ತಾರೆ ಅಂತ ಹೇಳಿದ್ರೆ ಅದು ಉತ್ತರ. ಮೆಂಟರ್ ಒಬ್ರ ಕೈಲಿ ಎಷ್ಟು ಜನ ಅಂತ ಒತ್ತಿ ಕೇಳಿ, ಸಾವಿರಾರು ಮಕ್ಕಳನ್ನ ಒಬ್ರ ತಲೆಗೆ ಕಟ್ಟಿದ್ರೆ ಅವ್ರು ಮೆಂಟರ್ ಅಲ್ಲ, ಹೆಸರಿಗೆ ಮಾತ್ರ.

ಇದು ನನ್ನ ಅನಿಸಿಕೆ ಮಾತ್ರ ಅಂತ ತಿಳ್ಕೋಬೇಡಿ. ಅಮೆರಿಕದಲ್ಲಿ ಎರಿಕ್ ಬೆಟಿಂಜರ್ ಮತ್ತು ರೇಚಲ್ ಬೇಕರ್ ಅನ್ನೋ ಸಂಶೋಧಕರು 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಇದನ್ನ ಅಳೆದು ನೋಡಿದ್ರು. ಲಾಟರಿ ಎತ್ತಿದ ಹಾಗೆ ಕೆಲವ್ರಿಗೆ ಕೋಚ್ ಕೊಟ್ರು, ಉಳಿದವ್ರಿಗೆ ಕೊಡ್ಲಿಲ್ಲ. ಕೋಚ್ ಪಾಠ ಏನೂ ಮಾಡ್ತಿರ್ಲಿಲ್ಲ, ತಾವಾಗೇ ಫೋನ್ ಮಾಡಿ ಹೇಗೆ ನಡೀತಿದೆ, ಟೈಮ್ ಹೇಗೆ ಹೊಂದಿಸ್ತಿದೀರಿ, ಎಲ್ಲಿ ಸಿಕ್ಕಿಬಿದ್ದಿದೀರಿ ಅಂತ ಮಾತಾಡ್ತಿದ್ರು ಅಷ್ಟೇ. ಕೋಚ್ ಸಿಕ್ಕಿದವ್ರಲ್ಲಿ ಓದು ಮುಂದುವರಿಸಿದವ್ರ ಪ್ರಮಾಣ ಸುಮಾರು 5 ಶೇಕಡಾ ಅಂಶ ಹೆಚ್ಚಿತ್ತು, ಫೋನ್ ನಿಂತ ಮೇಲೂ ಆ ಅಂತರ ಉಳೀತು. 2014ರಲ್ಲಿ ಅದು ಪ್ರಕಟ ಆಯ್ತು. ಇನ್ನೊಂದು, ವಾಷಿಂಗ್ಟನ್ ರಾಜ್ಯದ ಕಮ್ಯೂನಿಟಿ ಕಾಲೇಜುಗಳ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ತೆಗೆದು ನೋಡಿದ ಅಧ್ಯಯನದಲ್ಲಿ, ಕ್ಲಾಸ್‌ರೂಮಿಂದ ಆನ್‌ಲೈನಿಗೆ ಬಂದಾಗ ಸಾಮಾನ್ಯವಾಗಿ ಎಲ್ಲಾ ಗುಂಪಿನವ್ರೂ ಸ್ವಲ್ಪ ಕೆಳಗೆ ಜಾರ್ತಾರೆ, ಆದ್ರೆ ಮೊದ್ಲೇ ಮಾರ್ಕ್ಸ್ ಕಡಿಮೆ ಇದ್ದವ್ರು ಇನ್ನೂ ಜಾಸ್ತಿ ಜಾರ್ತಾರೆ ಅಂತ ಗೊತ್ತಾಯ್ತು. ಅಂದ್ರೆ ಸಹಾಯ ಯಾರಿಗೆ ಹೆಚ್ಚು ಬೇಕೋ ಅವ್ರೇ ಬೇಗ ಕಾಣೆ ಆಗೋದು.

ಅಮೆರಿಕದಲ್ಲಿ ಕರಿಯರ್ ಕಾಲೇಜ್ ಅಂದ್ರೆ ಕೆಲ್ಸಕ್ಕೆ ನೇರ ತಯಾರು ಮಾಡೋ ಕಾಲೇಜು, ಮೆಡಿಕಲ್ ಬಿಲ್ಲಿಂಗ್, ಅಕೌಂಟಿಂಗ್, ಐಟಿ ಹೀಗೆ. ಸರ್ಕಾರದ ಸಾಲ ಸಹಾಯಧನ ಸಿಗ್ಬೇಕಾದ್ರೆ ಟೀಚರ್ ನಿಯಮಿತವಾಗಿ, ತಾವಾಗೇ ಮುಂದೆ ಬಂದು ವಿದ್ಯಾರ್ಥಿ ಜೊತೆ ಪಾಠದ ವಿಷಯ ಮಾತಾಡ್ಬೇಕು ಅಂತ ಕಾನೂನೇ ಇದೆ, ಇಲ್ಲಾಂದ್ರೆ ಅದನ್ನ ಆನ್‌ಲೈನ್ ಶಿಕ್ಷಣ ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ, ಬರೀ ಅಂಚೆ ಕೋರ್ಸ್ ಅಂತಾರೆ. ಬರೀ ಲಾಗಿನ್ ಆದ್ರೆ ಹಾಜರಿ ಅಂತ ಅಲ್ಲಿ ಒಪ್ಪೋದಿಲ್ಲ, ಅಸೈನ್‌ಮೆಂಟ್ ಕೊಡ್ಬೇಕು, ಪರೀಕ್ಷೆ ಬರೀಬೇಕು, ಚರ್ಚೆಲಿ ಏನಾದ್ರೂ ಬರೆದಿರ್ಬೇಕು. ನಮ್ಮಲ್ಲೂ ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿಯ 2020ರ ನಿಯಮಗಳಲ್ಲಿ ಇದೇ ಥರದ್ದು ಇದೆ, ವಿದ್ಯಾರ್ಥಿ ಹದಿನೈದು ದಿನಕ್ಕೆ ಕನಿಷ್ಠ 2 ಗಂಟೆ ಚರ್ಚೆ, ಅಸೈನ್‌ಮೆಂಟ್ ಇಂಥದ್ರಲ್ಲಿ ಭಾಗವಹಿಸೋದನ್ನ ಸಂಸ್ಥೆ ಗಮನಿಸ್ಬೇಕು. ಹದಿನೈದು ದಿನಕ್ಕೆ 2 ಗಂಟೆ ಅನ್ನೋದು ನನ್ನ ಕೇಳಿದ್ರೆ ತೀರಾ ಕಮ್ಮಿ, ಅಷ್ಟರಲ್ಲಿ ಬಿಕಾಂ ಆಗೋದಿಲ್ಲ, ಆದ್ರೂ ಗಮನಿಸೋ ಜವಾಬ್ದಾರಿ ಕಾಲೇಜಿನದ್ದು ಅಂತ ಬರೆದದ್ದಿದೆ ನೋಡಿ, ಅದನ್ನ ಹಿಡ್ಕೊಂಡು ನೀವು ಪ್ರಶ್ನೆ ಕೇಳ್ಬಹುದು.

ಈಗ ಕ್ಲಾಸ್ ಶುರು ಆಗೋಕೆ ಮುಂಚಿನ ತಯಾರಿ ವಿಷಯಕ್ಕೆ ಬರ್ತೇನೆ, ಕಾಲೇಜಿನ ಗುಣ ಇಲ್ಲೇ ಗೊತ್ತಾಗಿಬಿಡೋದು. ಹಲವು ಕಡೆ ಓರಿಯೆಂಟೇಶನ್ ಅಂದ್ರೆ ಒಂದು ಝೂಮ್ ಮೀಟಿಂಗ್, ಡೈರೆಕ್ಟರ್ ಭಾಷಣ, ಕೊನೆಗೆ ಎಲ್ರೂ ಚಾಟಲ್ಲಿ ಚಪ್ಪಾಳೆ. ಅದ್ರಿಂದ ಏನೂ ಉಪಯೋಗ ಇಲ್ಲ. ಒಳ್ಳೆ ಕಾಲೇಜಿನವ್ರು ಮೊದಲ ಒಂದೆರಡು ವಾರ ಮಾರ್ಕ್ಸ್ ಇಲ್ಲದೇ ಇರೋ ಕೆಲ್ಸ ಮಾಡಿಸ್ತಾರೆ: ಕೈಲಿ ಬರೆದ ಹಾಳೇನ ಫೋನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡೋದು, ಸೈಜ್ ಕಮ್ಮಿ ಮಾಡಿ ಅಪ್‌ಲೋಡ್ ಮಾಡೋದು, ಟೀಚರಿಗೆ ಡೌಟ್ ಇಮೇಲ್ ಬರಿಯೋದು, ಮತ್ತೆ ಮುಖ್ಯವಾಗಿ ಒಂದು ಡಮ್ಮಿ ಪರೀಕ್ಷೆ. ಆನ್‌ಲೈನ್ ಪರೀಕ್ಷೆ ಅಂದ್ರೆ ನಿಮ್ಮ ಕ್ಯಾಮೆರಾ, ಮೈಕ್ ಆನ್ ಇರ್ಬೇಕು, ಕೋಣೆ ಸುತ್ತ ತಿರುಗಿಸಿ ತೋರಿಸ್ಬೇಕು, ಐಡಿ ಕಾರ್ಡ್ ಹಿಡೀಬೇಕು, ಪಕ್ಕದಲ್ಲಿ ಬೇರೆ ಯಾರೂ ಮಾತಾಡೋ ಹಾಗಿಲ್ಲ. ನಮ್ಮ ಮನೆಗಳಲ್ಲಿ ಪರೀಕ್ಷೆ ನಡುವೆ ಅತ್ತೆ ಬಂದು ಚಾ ಬೇಕಾ ಅಂತ ಕೇಳೋದು ಗ್ಯಾರಂಟಿ, ಅದಕ್ಕೂ ಸಾಫ್ಟ್‌ವೇರ್ ಕೆಂಪು ಬಾವುಟ ಹಾರಿಸ್ತದೆ! ಇದನ್ನೆಲ್ಲ ಮೊದಲ ಸಲ ನಿಜವಾದ ಪರೀಕ್ಷೆ ದಿನವೇ ನೋಡಿದ್ರೆ ಓದಿದ್ದೂ ಮರೆತು ಹೋಗ್ತದೆ. ಆನ್‌ಲೈನ್ ಡಿಗ್ರಿಲಿ ಇಂಟರ್ನಲ್ 30, ಸೆಮಿಸ್ಟರ್ ಕೊನೆ ಪರೀಕ್ಷೆ 70 ಅನ್ನೋ ಲೆಕ್ಕ ಬೇರೆ, ಹಾಗಾಗಿ ಆ ಒಂದು ದಿನ ಕೈ ಕೊಟ್ರೆ ಪೂರ್ತಿ ಹೋಯ್ತು. ಡಮ್ಮಿ ಪರೀಕ್ಷೆ ಇದ್ಯಾ, ಪರೀಕ್ಷೆ ಮನೆಯಿಂದಲಾ ಸೆಂಟರಲ್ಲಾ, ಸೆಂಟರ್ ಆದ್ರೆ ಹುಬ್ಬಳ್ಳಿಯಾ ಮಂಗಳೂರಾ, ಮಧ್ಯದಲ್ಲಿ ನೆಟ್ ಹೋದ್ರೆ ಮತ್ತೆ ಬರಿಯೋಕೆ ಬಿಡ್ತಾರಾ, ಇಷ್ಟನ್ನ ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಫೋನಲ್ಲೇ ಎಲ್ಲ ಆಗ್ತದೆ ಅಂತ ಅವ್ರು ಹೇಳಿರ್ಬಹುದು. ವಿಡಿಯೋ ನೋಡೋಕೆ ಆಗ್ತದೆ. ಟ್ಯಾಲಿ, ಎಕ್ಸೆಲ್ ಕಲಿಯೋಕೆ ಆಗೋದಿಲ್ಲ, ಮನೆಯಿಂದ ಪರೀಕ್ಷೆ ಬರಿಯೋಕೂ ಸಾಮಾನ್ಯವಾಗಿ ಲ್ಯಾಪ್‌ಟಾಪೇ ಬೇಕು. ಸೆಕೆಂಡ್ ಹ್ಯಾಂಡ್ ಆದ್ರೂ ಪರ್ವಾಗಿಲ್ಲ, ಕ್ಯಾಮೆರಾ ಮೈಕ್ ಸರಿ ಇರ್ಬೇಕು ಮತ್ತೆ ಬ್ಯಾಟರಿ ಎರಡು ಗಂಟೆ ಆದ್ರೂ ನಿಲ್ಬೇಕು, ನಮ್ಮ ಕಡೆ ಮಳೆಗಾಲದ ಕರೆಂಟಿಗೆ ಈ ಬ್ಯಾಟರಿ ವಿಷಯ ಸಣ್ಣದಲ್ಲ. ಡಾಟಾ ಲೆಕ್ಕನೂ ಹಾಕಿ, ವಿಡಿಯೋ ಕ್ವಾಲಿಟಿ 720ರಲ್ಲಿ ಇಟ್ಟು ನೋಡಿದ್ರೆ ಗಂಟೆಗೆ ಸುಮಾರು ಒಂದು ಜಿಬಿ ಆಚೆಈಚೆ ಖರ್ಚಾಗ್ತದೆ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಒಂದೂವರೆ ಗಂಟೇಲಿ ಮುಗೀತು. 360ಕ್ಕೆ ಇಳಿಸಿದ್ರೆ ಅದ್ರ ಕಾಲುಭಾಗದ ಹತ್ತಿರ ಸಾಕಾಗ್ತದೆ, ಅಕೌಂಟಿಂಗ್ ಕ್ಲಾಸಿಗೆ ಬೋರ್ಡ್ ಮೇಲಿನ ಅಂಕಿ ಕಂಡ್ರೆ ಆಯ್ತಲ್ಲ. ರೆಕಾರ್ಡಿಂಗ್ ಡೌನ್‌ಲೋಡ್ ಮಾಡಿಟ್ಕೊಳ್ಳೋಕೆ ಬರ್ತದಾ, ಆಪ್ ಒಳಗೇ ಸ್ಟ್ರೀಮ್ ಆಗ್ಬೇಕಾ ಅಂತ ಕೇಳಿ. ಡೌನ್‌ಲೋಡ್ ಇಲ್ಲದ ಕಾಲೇಜು ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯವ್ರಿಗಂತೂ ಅಲ್ಲವೇ ಅಲ್ಲ, ನಿಮ್ಗೂ ಕಷ್ಟ. ಪಂಚಾಯ್ತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ಲ, ಎಷ್ಟೋ ಕಡೆ ಅಲ್ಲಿ ಕಂಪ್ಯೂಟರ್ ನೆಟ್ ಎರಡೂ ಇದೆ. ನಿಮ್ಮೂರಿಂದು ಯಾವ ಹೊತ್ತಿಗೆ ತೆರೆದಿರ್ತದೆ ಅಂತ ಒಮ್ಮೆ ಹೋಗಿ ನೋಡ್ಕೊಂಡು ಬನ್ನಿ.

ಜುಲೈ ಬ್ಯಾಚ್ ಬಗ್ಗೆ ನಂಗೆ ಬೇರೆಯೇ ತಕರಾರಿದೆ. ಯುಜಿಸಿ ವ್ಯವಸ್ಥೇಲಿ ಅಡ್ಮಿಶನ್ ವರ್ಷಕ್ಕೆ ಎರಡು ಸಲ, ಜುಲೈ-ಆಗಸ್ಟ್ ಒಂದು, ಜನವರಿ-ಫೆಬ್ರವರಿ ಒಂದು. ಯಾವ ಕೋರ್ಸಲ್ಲೂ ಮೊದಲ ಆರೇಳು ವಾರ ಕಾಲೂರೋ ಹೊತ್ತು, ಆಗ ತಪ್ಪಿದವ್ರು ಮರಳೋದು ಕಷ್ಟ. ನಮ್ಮ ಜಿಲ್ಲೇಲಿ ಆ ಆರೇಳು ವಾರ ಹೇಗಿರ್ತದೆ ಅಂತ ನಿಮ್ಗೆ ನಾನು ಹೇಳೋದೇನು ಬೇಡ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೈವೇನೇ ಬಂದ್ ಆಯ್ತು, ಆಗಸ್ಟ್ 7ಕ್ಕೆ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅಷ್ಟು ದೊಡ್ಡದು ಏನೂ ಆಗದ ವರ್ಷದಲ್ಲೂ ಮರ ಬಿದ್ದು ಲೈನ್ ಹೋಗಿ ಎರಡು ದಿನ ಕತ್ತಲೆ ಅಂತೂ ಇದ್ದದ್ದೇ. ರೆಡ್ ಅಲರ್ಟ್ ಬಂದ್ರೆ ಡಿಸಿಯವ್ರು ಶಾಲೆ ಕಾಲೇಜಿಗೆ ರಜೆ ಕೊಡ್ತಾರೆ, ಬೆಂಗಳೂರಲ್ಲೋ ನೊಯ್ಡಾದಲ್ಲೋ ಇರೋ ಆನ್‌ಲೈನ್ ಕಾಲೇಜಿನ ಪೋರ್ಟಲ್ಲಿಗೆ ಆ ರಜೆ ಗೊತ್ತೇ ಆಗೋದಿಲ್ಲ, ರಾತ್ರಿ 11:59ಕ್ಕೆ ಅಸೈನ್‌ಮೆಂಟ್ ಬಾಗ್ಲು ಹಾಕ್ಕೊಳ್ತದೆ. ಮಳೆಯಿಂದ ಕರೆಂಟ್ ಹೋಗಿತ್ತು ಅಂದ್ರೆ ಡೆಡ್‌ಲೈನ್ ವಿಸ್ತರಿಸೋ ಅಧಿಕಾರ ಯಾರಿಗಿದೆ, ಅದಕ್ಕೆ ಏನು ದಾಖಲೆ ಕೊಡ್ಬೇಕು, ಎಷ್ಟು ದಿನದಲ್ಲಿ ಉತ್ತರ ಬರ್ತದೆ, ಇದನ್ನೂ ಕೇಳಿ. ಈ ಪ್ರಶ್ನೆಗೆ ಫೋನ್ ಆಚೆ ಕಡೆ ತಡಬಡಾಯಿಸಿದ್ರೆ ಅವ್ರ ವಿದ್ಯಾರ್ಥಿಗಳು ನಮ್ಮಂಥ ಊರಲ್ಲಿ ಇದ್ದಾರೆ ಅನ್ನೋದು ಅವ್ರ ತಲೇಲೇ ಇಲ್ಲ ಅಂತ ಅರ್ಥ.

ಭಾಷೆದೂ ಹೇಳ್ಬಿಡ್ತೇನೆ. ಕಾರವಾರ ಅಂಕೋಲಾ ಕುಮಟಾ ಕಡೆ ಎಷ್ಟೋ ಮಕ್ಕಳಿಗೆ ಮನೇಲಿ ಕೊಂಕಣಿ, ಶಾಲೇಲಿ ಕನ್ನಡ, ಈಗ ಕೋರ್ಸ್ ಇಂಗ್ಲಿಷ್, ಅದೂ ಬೇರೆ ರಾಜ್ಯದ ಉಚ್ಚಾರಣೆಲಿ. ವಿಡಿಯೋಗೆ ಸಬ್‌ಟೈಟಲ್ ಇದ್ಯಾ, ಬರೆದ ನೋಟ್ಸ್ ಸಿಗ್ತದಾ, ಡೌಟ್ ಕನ್ನಡದಲ್ಲಿ ಕೇಳಿದ್ರೆ ಉತ್ತರ ಕೊಡೋರು ಒಬ್ರಾದ್ರೂ ಇದಾರಾ? ಸೇಲ್ಸ್ ಮಾತಾಡೋಕೆ ಕನ್ನಡದವ್ರನ್ನ ಇಟ್ಕೊಂಡಿರ್ತಾರೆ, ಪಾಠ ಶುರುವಾದ ಮೇಲೆ ಕನ್ನಡ ಮಾಯ. ಅದನ್ನ ಪರೀಕ್ಷೆ ಮಾಡೋಕೆ ಸುಲಭ ಉಪಾಯ ಇದೆ, ಅಡ್ಮಿಶನ್ ನಂಬರ್ ಬಿಟ್ಟು ಈಗ ಓದ್ತಾ ಇರೋ ವಿದ್ಯಾರ್ಥಿಗಳಿಗೆ ಕೊಟ್ಟಿರೋ ಹೆಲ್ಪ್ ನಂಬರ್ ಕೇಳಿ ತಗೊಳ್ಳಿ, ನಿಮ್ಮ ಕೆಲ್ಸ ಮುಗಿಸಿ ಮನೆಗೆ ಬಂದ ಮೇಲೆ ರಾತ್ರಿ ಎಂಟೂವರೆಗೆ ಫೋನ್ ಮಾಡಿ. ನೀವು ಓದೋದೂ ಆ ಹೊತ್ತಿಗೇ ಅಲ್ವಾ. ಎತ್ತಿದ್ರೆ ಸರಿ, ‘ಆಫೀಸ್ ಅವರ್ಸಲ್ಲಿ ಮಾಡಿ’ ಅಂದ್ರೆ ಆ ಇಪ್ಪತ್ನಾಲ್ಕು ಗಂಟೆ ಮಾತಿನ ಬೆಲೆ ನಿಮ್ಗೇ ಗೊತ್ತಾಗ್ತದೆ. ಆ ಕಾಲೇಜಲ್ಲಿ ಎರಡನೇ ವರ್ಷ ಓದ್ತಿರೋರ ಜೊತೆ ಮಾತಾಡ್ಬೇಕು ಅಂತ್ಲೂ ಕೇಳಿ, ಮೊದಲ ವರ್ಷದವ್ರು ಬೇಡ, ಅವ್ರಿಗಿನ್ನೂ ಎಲ್ಲ ಚಂದವೇ ಕಾಣ್ತದೆ.

ಇನ್ನು ಮಾನ್ಯತೆ. ಯೂನಿವರ್ಸಿಟಿಯ ಆನ್‌ಲೈನ್ ಬಿಕಾಂ ಆದ್ರೆ ಯುಜಿಸಿಯ ಡಿಇಬಿ, ಅಂದ್ರೆ ಡಿಸ್ಟನ್ಸ್ ಎಜುಕೇಶನ್ ಬ್ಯೂರೋ, ಅವ್ರ ವೆಬ್‌ಸೈಟಲ್ಲಿ ಆ ಸಂಸ್ಥೆ ಹೆಸ್ರು, ಆ ಕೋರ್ಸ್ ಹೆಸ್ರು, ಈ ವರ್ಷದ ಸೆಶನ್, ಮೂರೂ ಇರ್ಬೇಕು, ಹೋದ ವರ್ಷ ಇತ್ತು ಅನ್ನೋದು ಲೆಕ್ಕಕ್ಕಿಲ್ಲ. 2024ರಿಂದ ಅಡ್ಮಿಶನ್ನಿಗೆ ಡಿಇಬಿ ಐಡಿ ಕಡ್ಡಾಯ, ಅದಕ್ಕೆ ಮೊದ್ಲು ಎಬಿಸಿ ಐಡಿ, ಅಂದ್ರೆ ನೀವು ಗಳಿಸಿದ ಕ್ರೆಡಿಟ್ ಜಮಾ ಆಗೋ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆ ನಂಬರ್ ಬೇಕು, ಡಿಜಿಲಾಕರಲ್ಲಿ ಮಾಡ್ಕೋಬಹುದು. ಡಿಇಬಿ ಐಡಿ ಬೇಡ, ನಾವೇ ನೋಡ್ಕೊಳ್ತೇವೆ ಅಂದ್ರೆ ಅಲ್ಲಿಗೇ ಫೋನ್ ಇಡಿ. ಯೂನಿವರ್ಸಿಟಿಗಳು ಆನ್‌ಲೈನ್ ಡಿಗ್ರೀನ ಎಡ್‌ಟೆಕ್, ಅಂದ್ರೆ ಆನ್‌ಲೈನ್ ಪಾಠದ ವ್ಯಾಪಾರ ಮಾಡೋ ಕಂಪನಿಗೆ ಫ್ರಾಂಚೈಸಿ ಕೊಡೋ ಹಾಗಿಲ್ಲ ಅಂತ 2022ರ ಜನವರಿಲಿ ಯುಜಿಸಿ ಎಚ್ಚರಿಕೆ ಕೊಟ್ಟಿದೆ, ಹಾಗಾಗಿ ಫೀಸು ಯಾರ ಖಾತೆಗೆ ಹೋಗ್ತದೆ ನೋಡಿ. ಮಾನ್ಯತೆ ಇದ್ರೆ ಆ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮಾನ, 2022ರ ಸೆಪ್ಟೆಂಬರಲ್ಲಿ ಯುಜಿಸಿ ಸ್ಪಷ್ಟ ಮಾಡಿದೆ, ಸಹಕಾರಿ ಸಂಘದ ಕೆಲ್ಸಕ್ಕೋ ಸರ್ಕಾರಿ ಅರ್ಜಿಗೋ ಇದು ಬೇಕಾಗ್ತದೆ. ಕರಿಯರ್ ಕಾಲೇಜಿನ ಡಿಪ್ಲೊಮಾ ಡಿಗ್ರಿ ಅಲ್ಲ. ಅದು ಎನ್‌ಸಿವಿಇಟಿ, ಅಂದ್ರೆ ವೃತ್ತಿ ತರಬೇತಿ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಒಪ್ಪಿದ ಕೋರ್ಸಾ, ಎನ್‌ಎಸ್‌ಕ್ಯೂಎಫ್ ಅನ್ನೋ ರಾಷ್ಟ್ರೀಯ ಕೌಶಲ ಮಟ್ಟದ ಪಟ್ಟೀಲಿ ಎಷ್ಟನೇ ಲೆವೆಲ್ ಅಂತ ಕೇಳಿ. ಎರಡೂ ಅಲ್ಲ ಅಂದ್ರೆ ಅದು ಬರೀ ಟ್ರೈನಿಂಗ್, ಟ್ರೈನಿಂಗ್ ಚೆನ್ನಾಗಿದ್ರೆ ತಪ್ಪೇನಿಲ್ಲ, ಆದ್ರೆ ಟ್ರೈನಿಂಗಿನ ರೇಟ್ ಕೊಡಿ, ಡಿಗ್ರಿ ರೇಟ್ ಬೇಡ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರಿಗೂ ಕೊಟ್ಟು ಕೂರ್ಬೇಡಿ, ನೋಡಿ ವಾಪಸ್ ಕೊಡ್ಬೇಕು ಅಂತ 2018ರಲ್ಲೇ ಯುಜಿಸಿ ಹೇಳಿದೆ.

ಪ್ಲೇಸ್‌ಮೆಂಟ್ ಇಷ್ಟು ಪರ್ಸೆಂಟ್ ಅಂತ ಹೇಳಿದ್ರೆ ಯಾರನ್ನ ಎಣಿಸಿದ್ರಿ ಅಂತ ಕೇಳಿ. ಸೇರಿದವ್ರಲ್ಲಿ ಅಷ್ಟು ಜನಾನಾ, ಮುಗಿಸಿದವ್ರಲ್ಲಾ, ಅಥವಾ ಪ್ಲೇಸ್‌ಮೆಂಟಿಗೆ ಹೆಸ್ರು ಕೊಟ್ಟವ್ರಲ್ಲಾ? ಮೂರಕ್ಕೂ ಅಜಗಜಾಂತರ. ಅಮೆರಿಕದಲ್ಲಿ ಕೊರಿಂಥಿಯನ್ ಕಾಲೇಜಸ್ ಅನ್ನೋ ದೊಡ್ಡ ಕರಿಯರ್ ಕಾಲೇಜ್ ಕಂಪನಿ ಇತ್ತು, ಅದ್ರ ಹೀಲ್ಡ್ ಕಾಲೇಜಲ್ಲಿ ಉದ್ಯೋಗದ ಅಂಕಿಅಂಶ ತಪ್ಪಾಗಿ ತೋರಿಸಿದ್ದಕ್ಕೆ 2015ರ ಏಪ್ರಿಲಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಸುಮಾರು 3 ಕೋಟಿ ಡಾಲರ್ ದಂಡ ಹಾಕ್ತು, ಅದೇ ತಿಂಗಳು ಕಂಪನಿ ಉಳಿದ ಕ್ಯಾಂಪಸ್ಸುಗಳಿಗೆಲ್ಲ ಬೀಗ ಹಾಕ್ತು, ಸಾವಿರಾರು ಮಕ್ಕಳು ಸಾಲ ಹೊತ್ಕೊಂಡು ಬೀದೀಲಿ ನಿಂತ್ರು. ನಿಮ್ಗೆ ಬೇಕಾಗಿರೋದು ಕುಮಟಾ, ಹೊನ್ನಾವರ, ಕಾರವಾರದಲ್ಲಿ ಜಿಎಸ್‌ಟಿ ಕೆಲ್ಸನೋ ಸೊಸೈಟಿಲಿ ಅಕೌಂಟ್ಸೋ, ಬೆಂಗಳೂರಿನ ಟೆಲಿಕಾಲಿಂಗ್ ಕೆಲ್ಸ ಕೊಡಿಸಿ ಪ್ಲೇಸ್ ಆಯ್ತು ಅಂತ ಬರ್ಕೊಂಡ್ರೆ ನಿಮ್ಗೆ ಏನು ಸಿಕ್ಕ ಹಾಗಾಯ್ತು?

ಇಎಂಐ ಅಂದದ್ದು ಕಾಲೇಜಿನ ಕಂತಾ, ಫೈನಾನ್ಸ್ ಕಂಪನಿ ಸಾಲನಾ? ಹೆಚ್ಚಿನ ಸಲ ಸಾಲವೇ ಆಗಿರ್ತದೆ. ಪೂರ್ತಿ ದುಡ್ಡು ಕಾಲೇಜಿಗೆ ಹೋಗಿರ್ತದೆ, ನೀವು ಮೂರನೇ ತಿಂಗಳು ಓದು ಬಿಟ್ರೂ ಕಂತು ನಿಲ್ಲೋದಿಲ್ಲ, ಸಿಬಿಲ್ ಹಾಳಾಗೋದು ನಿಮ್ದು. ಇನ್ನೊಂದು ವಿಷಯ, ದುಡ್ಡು ಮೊದ್ಲೇ ಪೂರ್ತಿ ಸಿಕ್ಕಿದ ಕಾಲೇಜಿಗೆ ನೀವು ಸುಮ್ನಾದಾಗ ಫೋನ್ ಮಾಡೋ ತುರ್ತು ಎಲ್ಲಿಂದ ಬರ್ಬೇಕು? ಸೆಮಿಸ್ಟರ್ ಸೆಮಿಸ್ಟರಿಗೆ ಫೀಸು ತಗೊಳ್ಳೋ ಕಡೆ ಸೇರೋದೇ ಒಳ್ಳೇದು. ಸಾಲ ಮಾಡ್ಲೇಬೇಕು ಅಂದ್ರೆ ಒಟ್ಟು ಬಡ್ಡಿ, ಚಾರ್ಜ್ ಎಲ್ಲ ಬರೆದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳಿ, ಆನ್‌ಲೈನ್ ಸಾಲಕ್ಕೆ ಅದು ಕೊಡ್ಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಬೇಡ ಅನ್ಸಿದ್ರೆ ಹಿಂದೆ ಸರಿಯೋಕೆ ಸ್ವಲ್ಪ ಕಾಲಾವಕಾಶವೂ ಇರ್ಬೇಕು. ಓಟಿಪಿ ಹೇಳಿ ಅಂತ ಫೋನಲ್ಲೇ ಮುಗಿಸೋಕೆ ಬಂದ್ರೆ ಕೊಡ್ಬೇಡಿ.

ಈಗ ನಿಮ್ಮ ವಿಷಯಕ್ಕೆ ನೇರವಾಗಿ ಹೇಳೋದಾದ್ರೆ ಈ ಶನಿವಾರ ಬಿಟ್ಟುಬಿಡಿ. ಅವ್ರ ಕೊನೆ ದಿನ ಬೇರೆ, ಯುಜಿಸಿ ಕೊನೆ ದಿನ ಬೇರೆ, ಮುಂದಿನ ಶನಿವಾರವೂ ಅದೇ ಫೋನ್ ಬರ್ತದೆ ನೋಡ್ತಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರೋದ್ರಿಂದ ಐಸ್ ಪ್ಲಾಂಟಲ್ಲಿ ಕೆಲ್ಸ ಕಮ್ಮಿ, ಆ ಬಿಡುವನ್ನ ಬಳಸ್ಕೊಳ್ಳಿ. ಸರ್ಕಾರದ ಸ್ವಯಂ ಪೋರ್ಟಲ್ಲಲ್ಲಿ ಅಕೌಂಟಿಂಗ್ ಕೋರ್ಸುಗಳು ಬರ್ತಿರ್ತವೆ, ಸೇರೋಕೆ ದುಡ್ಡಿಲ್ಲ. ಅದ್ರಲ್ಲಿ ಐಐಟಿಗಳವ್ರು ನಡೆಸೋ ಎನ್‌ಪಿಟಿಇಎಲ್‌ನ ಕೋರ್ಸ್ ಆದ್ರೆ ವಾರವಾರ ಅಸೈನ್‌ಮೆಂಟ್ ಇರ್ತದೆ, 12 ವಾರದ ಕೋರ್ಸಲ್ಲಿ ಒಳ್ಳೆ 8 ಅಸೈನ್‌ಮೆಂಟಿನ ಸರಾಸರಿಗೆ 25 ಅಂಕ, ಸೆಂಟರಿಗೆ ಹೋಗಿ ಬರಿಯೋ ಪರೀಕ್ಷೆಗೆ 75, ಸರ್ಟಿಫಿಕೇಟ್ ಬೇಕಾದವ್ರು ಮಾತ್ರ ಪರೀಕ್ಷೆ ಫೀಸು ಕಟ್ಟೋದು. ನೀವು ಪರೀಕ್ಷೆ ಬರಿಯೋದೇನೂ ಬೇಡ, ಅಸೈನ್‌ಮೆಂಟ್ ಮಾತ್ರ ತಪ್ಪದೇ ಮಾಡಿ ನೋಡಿ. ಅಲ್ಲಿ ನಿಮ್ಮ ಹಿಂದೆ ಬಿದ್ದು ಫೋನ್ ಮಾಡೋರು ಯಾರೂ ಇಲ್ಲ, ಹಾಗಾಗಿ ನಿಮ್ಗೆ ಎಷ್ಟು ಸಹಾಯ ಬೇಕು, ಯಾವ ವಾರ ಕೈಬಿಡ್ತೀರಿ, ನೆಟ್‌ವರ್ಕಿಂದಾನಾ ಇಂಗ್ಲಿಷಿಂದಾನಾ ನಿದ್ದೆಯಿಂದಾನಾ, ಎಲ್ಲ ನಿಮ್ಗೇ ಕಾಣ್ತದೆ. ಅಷ್ಟರಲ್ಲಿ ಲ್ಯಾಪ್‌ಟಾಪಿಗೂ ಸ್ವಲ್ಪ ಕೂಡಿಟ್ಟಿರ್ತೀರಿ. ನವೆಂಬರ್ ಹೊತ್ತಿಗೆ ಡಿಇಬಿ ಪಟ್ಟಿ ತೆಗೆದು ಜನವರಿ ಸೆಶನ್ನಿಗೆ ಬಿಕಾಂ ಇರೋ ಎರಡು ಮೂರು ಯೂನಿವರ್ಸಿಟಿ ಗುರುತು ಹಾಕ್ಕೊಳ್ಳಿ, ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ್ದೂ ಒಂದ್ಸಲ ನೋಡಿ, ಆಮೇಲೆ ಆ ಎರಡು ವಾರದ ಪ್ರಶ್ನೆ ಎಲ್ರಿಗೂ ಕೇಳಿ. ಡಿಪ್ಲೊಮಾ ಈಗ ಬೇಡ, ಟ್ಯಾಲಿ ಕುಮಟಾ ಪೇಟೇಲೇ ಕಲೀಬಹುದು, ಎದುರಿಗೆ ಕೂತು ಹೇಳಿಕೊಡೋರು ಸಿಕ್ತಾರೆ.